ತಂಗಿಯ ಕಾರಿನ ಮುಂದಿನ ಗಾಲಿ

ಆತನಿಗೆ ರೇಡಿಯೋ ಎಂದು ಹೆಸರಿಟ್ಟವರು ಯಾರೆಂಬ ವಿಷಯದಲ್ಲಿ ಬೀದಿಯವರಿಗೆ ಒಮ್ಮತವಿರಲಿಲ್ಲ. ಬೇಕರಿಯವನು ತಾನೇ ಇಟ್ಟದ್ದೆನ್ನುತ್ತಿದ್ದ, ಪೇಂಟಿನ ಅಂಗಡಿಯವನು ಅದು ತನ್ನ ಬಾಯಿಂದ ಬಂದದ್ದೆಂದು ಹಟ ಹಿಡಿಯುತ್ತಿದ್ದ. ಯಾರೇ ಇಟ್ಟಿರಲಿ, ಹೆಸರು ಮಾತ್ರ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಒಪ್ಪಿತ್ತು. ಬೆಳಿಗ್ಗೆ ಶೆಡ್ಡಿನ ತಗಡಿನ ಬಾಗಿಲು ಎತ್ತುವಾಗ ಶುರುವಾದ ಮಾತು ಸಂಜೆ ಅದನ್ನು ಇಳಿಸುವ ತನಕ ನಿಲ್ಲುತ್ತಿರಲಿಲ್ಲ. ಕಾರಿನಡಿ ಮಲಗಿದ್ದರೂ ಅಷ್ಟೇ. ಗಿರಾಕಿಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹೊರಗೆ ಚಾಚಿದ ಎರಡು ಬೂಟುಗಳಿಗೆ ತಮ್ಮ ಸುಖದುಃಖ ಹೇಳಿಕೊಳ್ಳುತ್ತಿದ್ದರು.

"ಇಂಜಿನ್ನಿಗೆ ಎಣ್ಣೇನೇ ಬದಲಾಯಿಸ್ದೆ ದುಡಿಸ್ಕೊಳ್ತೀರಲ್ಲ, ಮನೇಲಿ ನಿಮಗೂ ಇದೇ ಗತೀನಾ?" ಎಂದು ಬೂಟುಗಳ ಕಡೆಯಿಂದ ಪ್ರಶ್ನೆ ಬರುತ್ತಿತ್ತು. ಮಂಡಿನೋವು, ಮಗಳ ಹಟ, ಸೋರುವ ಚಾವಣಿ, ಯಾರು ಏನೇ ತೋಡಿಕೊಳ್ಳಲಿ, "ಅದೇ ಮತ್ತೆ!" ಎಂದು ಗೂಟ ಬಡಿದು, ಅದಕ್ಕೆ ತನ್ನದೊಂದು ಕಥೆ ತೂಗುಹಾಕುತ್ತಿದ್ದ. ಗಾಡಿ ಬೇಗ ಸರಿಯಾದರೆ ಬೇಸರಪಟ್ಟುಕೊಳ್ಳುವ ಗಿರಾಕಿಗಳಿದ್ದರು.

ಶೆಡ್ಡು ಇದ್ದದ್ದು ಪೇಂಟಿನ ಅಂಗಡಿಯ ಹಿಂದಿನ ಗಲ್ಲಿಯಲ್ಲಿ. ಎರಡು ಕಾರು ನಿಲ್ಲುವಷ್ಟು ಜಾಗ, ಎಣ್ಣೆ ಕುಡಿದು ಕಪ್ಪಗಾದ ಸಿಮೆಂಟಿನ ನೆಲ, ಗೋಡೆಯ ಹಲಗೆಯ ಮೇಲೆ ಒಂದೊಂದು ಸ್ಪ್ಯಾನರಿನ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದ ಗುರುತು. ಹಿಂದೆ ಒಂದು ಕೋಣೆ. ಅಲ್ಲಿ ಮಂಚ, ಸ್ಟವ್ವು, ಒಂದು ಕಿಟಕಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತಿತ್ತು. ಹಗಲೆಲ್ಲ ಜನ ತುಂಬಿರುತ್ತಿದ್ದ ಆ ಜಾಗದಲ್ಲಿ ಸಂಜೆಯ ಮೇಲೆ ಒಂದೇ ತಟ್ಟೆ ತೊಳೆಯುವ ಸದ್ದು. ಆತನಿಗೆ ಮದುವೆಯಾಗಿರಲಿಲ್ಲ. ಯಾಕಾಗಲಿಲ್ಲ ಎಂದು ಯಾರೂ ಕೇಳಲೂ ಇಲ್ಲ. ಅಷ್ಟು ಮಾತಾಡುವ ಮನುಷ್ಯ ಒಂಟಿಯಿರಬಹುದೆಂದು ಯಾರ ತಲೆಗೂ ಹೊಳೆಯಲಿಲ್ಲ.

ಇದ್ದವಳು ಒಬ್ಬಳು ತಂಗಿ. ತಾಯಿ ಬೇಗ ಹೋಗಿದ್ದಳು. ತಂದೆ ಲಾರಿ ಓಡಿಸುತ್ತಿದ್ದವನು. ದಿನಗಟ್ಟಲೆ ರಸ್ತೆಯಲ್ಲಿದ್ದು ಮನೆಗೆ ಬಂದರೆ ಹೂಂ, ಊಹೂಂ ಎರಡರಲ್ಲೇ ಸಂಸಾರ ಮುಗಿಸುತ್ತಿದ್ದ. ಆ ಮನೆಯ ಮೌನಕ್ಕೆ ತಂಗಿ ಹೆದರದಿರಲೆಂದು ಅಣ್ಣ ಚಿಕ್ಕಂದಿನಲ್ಲೇ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಲು ಶುರುಮಾಡಿದ. ಮುಚ್ಚಿಹೋದ ಗಿರಣಿಯ ಅಂಗಳದಲ್ಲಿ ಅವಳಿಗೆ ಕಾರು ಓಡಿಸಲು ಕಲಿಸಿದವನೂ ಅವನೇ. ಅವಳು ಕಂಬಕ್ಕೆ ಗುದ್ದುವಷ್ಟು ಹತ್ತಿರ ಹೋದಾಗಲೆಲ್ಲ, "ಕಣ್ಣೇನು ತಲೆ ಹಿಂದಿದೆಯೇನೇ ಕತ್ತೆ!" ಎಂದು ಕೂಗುತ್ತಿದ್ದ. ಅವಳು ಮದುವೆಯಾಗಿ ಬೇರೆ ಊರಿಗೆ ಹೋಗಿ, ಅಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಆಗ ಯಾರೋ ಗುಜರಿಗೆ ಹಾಕಲಿದ್ದ ಒಂದು ಸಣ್ಣ ಕಾರನ್ನು ತಂದು, ಬಿಚ್ಚಿ, ಒಂದೊಂದು ಭಾಗವನ್ನೂ ಕೂಡಿಸಿ ಅವಳಿಗೆ ಕೊಟ್ಟ. ಅವಳ ಗಂಡ ಹೊಸದು ಕೊಳ್ಳೋಣವೆಂದರೂ ಅವಳು ಆ ಕಾರನ್ನು ಬಿಟ್ಟಿರಲಿಲ್ಲ.

ಒಂದು ಚಳಿಯ ಬೆಳಿಗ್ಗೆ ಬೇಕರಿಯವನ ವ್ಯಾನಿನಡಿ ಮಲಗಿದ್ದಾಗ ಅದು ಆಯಿತು. ಬೇಕರಿಯವನು ಪಕ್ಕದಲ್ಲಿ ನಿಂತು ಅಳಿಯನನ್ನು ದೂರುತ್ತಿದ್ದ. ದೂರಿ ಮುಗಿಸಿ ಉತ್ತರಕ್ಕೆ ಕಾದ. ಅಡಿಯಿಂದ ಏನೂ ಬರಲಿಲ್ಲ. "ಮೇಸ್ತ್ರಿ ಸುಮ್ನಿದಾನೆ ಅಂದ್ಮೇಲೆ ಏನೋ ಆಗಿರ್ಲೇಬೇಕು ಅಂತ ನನ್ನೆದೆ ಧಸಕ್ ಅಂತು," ಎಂದು ಅವನು ಆಮೇಲೆ ಕಂಡಕಂಡವರಿಗೆ ಹೇಳಿದ. ಬೂಟುಗಳನ್ನು ಹಿಡಿದೆಳೆದಾಗ ರೇಡಿಯೋನ ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈಯಲ್ಲಿದ್ದ ಸ್ಪ್ಯಾನರು ಬಿದ್ದದ್ದು ಅವನಿಗೇ ತಿಳಿದಿರಲಿಲ್ಲ.

ಜೀವ ಉಳಿಯಿತು. ಕಾಲು ಎಳೆದುಕೊಂಡು ನಡೆಯುವಷ್ಟು ಬಂತು. ಬಲಗೈ ಏನನ್ನಾದರೂ ಒತ್ತಿಹಿಡಿಯುವಷ್ಟಕ್ಕೆ ಬಂತು, ಬಿಗಿಯುವಷ್ಟಕ್ಕೆ ಬರಲಿಲ್ಲ. ಮಾತು ಮಾತ್ರ ಹೋದದ್ದು ಹೋಯಿತು. ಬುದ್ಧಿ ನೆಟ್ಟಗಿತ್ತು, ಕಿವಿ ಮೊದಲಿನಷ್ಟೇ ಚುರುಕಾಗಿತ್ತು. ಹೇಳಬೇಕಾದದ್ದೆಲ್ಲ ಒಳಗೆ ಸಾಲಾಗಿ ನಿಂತಿರುತ್ತಿತ್ತು. ಬಾಯಿ ತೆರೆದರೆ ಹೊರಗೆ ಬೀಳುತ್ತಿದ್ದದ್ದು ಒಂದೇ: "ಅದೇ ಮತ್ತೆ."

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಂಗಸೊಬ್ಬರು ಚಿತ್ರದ ಕಾರ್ಡು ಹಿಡಿದು ಕೂರುತ್ತಿದ್ದರು. ಒಳ್ಳೆಯವರು, ತಾಳ್ಮೆಯವರು. ಬಟ್ಟಲಿನ ಚಿತ್ರ ತೋರಿಸಿ, "ಇದೇನು ಹೇಳಿ?" ಎನ್ನುವರು.

"ಅದೇ ಮತ್ತೆ."

"ಪರ್ವಾಗಿಲ್ಲ. ಇದು?" ಬೆಕ್ಕು.

"ಅದೇ ಮತ್ತೆ."

ಕಾರಿನ ಚಿತ್ರ ಬಂದಾಗ ಆತ ಅದನ್ನು ಅವರ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಯಾವ ಕಂಪನಿಯದು, ಯಾವ ಕಾಲದ್ದು, ಆ ಮಾಡೆಲಿಗೆ ಎಲ್ಲಿ ತುಕ್ಕು ಹಿಡಿಯುತ್ತದೆ, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತಿದ್ದವು. "ಅದೇ ಮತ್ತೆ," ಎಂದು ಕಾರ್ಡನ್ನು ಬೋರಲು ಹಾಕಿ ವಾಪಸು ಕೊಟ್ಟ. ಕೆಲವು ವಾರ ಹೋಗಿ, ಆಮೇಲೆ ಹೋಗುವುದನ್ನು ಬಿಟ್ಟ.

ಮೊದಮೊದಲು ಜನ ಬಂದರು. ಹಣ್ಣು ತಂದರು, ಬೆನ್ನು ತಟ್ಟಿದರು. ಬೇಕರಿಯವನು ದಿನಾ ಬ್ರೆಡ್ಡು ತಂದುಕೊಟ್ಟು, ಕಿವುಡನ ಹತ್ತಿರ ಮಾತಾಡುವವನ ಹಾಗೆ, "ಹೇಗಿದೀರಾ ಮೇಸ್ತ್ರೀ? ಊಟ ಆಯ್ತಾ?" ಎಂದು ಬೀದಿಗೆಲ್ಲ ಕೇಳುವಂತೆ ಅರಚುತ್ತಿದ್ದ. ಚಹಾ ಬೇಕಾ ಎಂದರೂ "ಅದೇ ಮತ್ತೆ", ಬೇಡವಾ ಎಂದರೂ "ಅದೇ ಮತ್ತೆ". ಬಂದವರಿಗೆ ನಗು ಬರುತ್ತಿತ್ತು, ನಕ್ಕದ್ದಕ್ಕೆ ನಾಚಿಕೆಯಾಗುತ್ತಿತ್ತು, ನಾಚಿಕೆಯಾದ ಮೇಲೆ ಬರುವುದು ಕಡಿಮೆಯಾಗುತ್ತಿತ್ತು. ಮಾತಿಗಾಗಿ ಬರುತ್ತಿದ್ದವರು ಅವರು, ಮಾತು ನಿಂತ ಮೇಲೆ ಅವರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಗಾಡಿಗಳು ದೊಡ್ಡ ರಸ್ತೆಯ ಗ್ಯಾರೇಜಿಗೆ ಹೋದವು. ಬೇಕರಿಯವನು ಕೂಡ ಕೊನೆಗೆ ಬ್ರೆಡ್ಡನ್ನು ಬಾಗಿಲಿನ ಕೊಕ್ಕೆಗೆ ತಗುಲಿಹಾಕಿ, ಗಾಡಿಯಿಂದಲೇ ಕೈಬೀಸಿ ಹೋಗತೊಡಗಿದ.

ಆದರೂ ರೇಡಿಯೋ ದಿನಾ ಶೆಡ್ಡಿನ ಬಾಗಿಲು ತೆರೆದು ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಗಲ್ಲಿಯ ತುದಿಯ ರಸ್ತೆಯಲ್ಲಿ ಗಾಡಿಗಳು ಹೋಗುತ್ತಿದ್ದವು. ಒಂದರ ಸೈಲೆನ್ಸರು ಸೋರುತ್ತಿದೆ, ಇನ್ನೊಂದರ ಬ್ರೇಕು ಸವೆದು ಲೋಹಕ್ಕೆ ಲೋಹ ತಾಗುತ್ತಿದೆ, ಆ ನೀಲಿ ಕಾರಿನ ಇಂಜಿನ್ನು ಈ ಚಳಿಗಾಲ ದಾಟುವುದಿಲ್ಲ. ಎಲ್ಲ ಕೇಳಿಸುತ್ತಿತ್ತು, ಹೇಳಲು ಯಾರೂ ಇರಲಿಲ್ಲ. ಒಮ್ಮೆ ಬೆಲ್ಟು ಕಿರುಗುಟ್ಟುತ್ತಿದ್ದ ಟ್ಯಾಕ್ಸಿಯೊಂದು ಗಲ್ಲಿಯ ಬಾಯಲ್ಲೇ ನಿಂತಿದ್ದಾಗ ತಡೆಯಲಾಗದೆ ಎದ್ದುಹೋಗಿ ಬಾನೆಟ್ಟು ತಟ್ಟಿದ. ಟ್ಯಾಕ್ಸಿಯವನು ಹಿಂದಿನ ಬಾಗಿಲು ತೆರೆದು, "ಹತ್ತಿ ಯಜಮಾನ್ರೇ, ಎಲ್ಲಿಗೆ?" ಎಂದ.

"ಅದೇ ಮತ್ತೆ," ಎಂದು ರೇಡಿಯೋ ಬೆಲ್ಟಿನ ಕಡೆಗೆ ಕೈ ತೋರಿಸಿದ.

"ನೇರಾನಾ? ಸರಿ, ಕೂತ್ಕೊಳ್ಳಿ."

ಕೈಹಿಡಿದು ಕೂರಿಸಿಯೇಬಿಟ್ಟ. ನಾಲ್ಕಾರು ಬೀದಿ ದಾಟಿದ ಮೇಲೆ ಟ್ಯಾಕ್ಸಿಯವನಿಗೆ ಏನೋ ಅನುಮಾನ ಬಂದು, ಬಸ್ಸಿನ ನಿಲ್ದಾಣದ ಹತ್ತಿರ ಮೆಲ್ಲಗೆ ಇಳಿಸಿ, ಬಾಡಿಗೆ ಬೇಡವೆಂದು ಕೈಮುಗಿದು ಹೋದ. ಕಾಲು ಎಳೆಯುತ್ತ ಮನೆ ಸೇರುವಷ್ಟರಲ್ಲಿ ರೇಡಿಯೋಗೆ ಸಾಕುಬೇಕಾಗಿತ್ತು. ಮೊದಲಾಗಿದ್ದರೆ ಆ ಒಂದು ಸವಾರಿಯನ್ನು ತಿಂಗಳುಗಟ್ಟಲೆ ಹೇಳಿ ನಗಿಸುತ್ತಿದ್ದ. ಈಗ ಅದು ಹೊಟ್ಟೆಯೊಳಗೇ ಉಳಿಯಿತು.

ತಂಗಿ ತಿಂಗಳಿಗೊಂದು ಸಲ ಬರುತ್ತಿದ್ದಳು. ಡಬ್ಬಿಯಲ್ಲಿ ಊಟ, ಒಗೆದ ಬಟ್ಟೆ, ಮಾತ್ರೆ. ಬಂದವಳೇ ಕೋಣೆ ಗುಡಿಸುವಳು, ಹಾಸಿಗೆ ಕೊಡಹುವಳು, ಕೈಗೆ ಕೆಲಸ ಇರುವ ತನಕ ಅವಳಿಗೂ ಸುಲಭ. ಆಮೇಲೆ ಇಬ್ಬರೂ ಎದುರುಬದುರು ಕೂರಬೇಕು. ಅವಳು ಅಂಗಡಿಯ ಸುದ್ದಿ ಹೇಳುವಳು, ಗಂಡನ ಶೀತದ ಸುದ್ದಿ ಹೇಳುವಳು. ಹುಟ್ಟಿದಾಗಿನಿಂದ ಅಣ್ಣನ ಮಾತು ಕೇಳಿ ಅಭ್ಯಾಸವಾದವಳಿಗೆ ತಾನೇ ಮಾತಾಡುವುದು ಬರುತ್ತಿರಲಿಲ್ಲ. ಬೇಗ ಬತ್ತಿಹೋಗುತ್ತಿತ್ತು. ಗಡಿಯಾರ ನೋಡುವಳು, ನೋಡಿದ್ದು ಅಣ್ಣನಿಗೆ ಕಂಡಿತೇನೋ ಎಂದು ತಲೆ ತಗ್ಗಿಸುವಳು.

ಆ ಶನಿವಾರ ಅವಳು ಬರುವುದು ಅವನಿಗೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯಿತು. ದೊಡ್ಡ ರಸ್ತೆಯಲ್ಲಿ, ಉಳಿದ ಗಾಡಿಗಳ ಗದ್ದಲದ ಅಡಿಯಲ್ಲಿ, ಒಂದು ಗುಂಯ್ ಎನ್ನುವ ಸದ್ದು. ಕಾರು ನಿಧಾನವಾದಂತೆ ಸದ್ದೂ ತಗ್ಗಿತು. ಗಲ್ಲಿಗೆಂದು ಎಡಕ್ಕೆ ತಿರುಗಿದಾಗ, ಭಾರವೆಲ್ಲ ಬಲಗಡೆಗೆ ಬಿದ್ದು, ಮರಳು ಅಗಿಯುವಂತೆ ಗರಗರ ಎಂದಿತು. ಬಲಗಡೆಯ ಮುಂದಿನ ಗಾಲಿ. ಗಾಲಿ ಕೂರುವ ಹಬ್ಬಿನೊಳಗಿನ ಬೇರಿಂಗು ಹೋಗಿದೆ. ಇವತ್ತು ನಿನ್ನೆ ಹೋದದ್ದಲ್ಲ, ಇವಳು ಎಷ್ಟೋ ದಿನದಿಂದ ಹೀಗೇ ಓಡಿಸುತ್ತಿದ್ದಾಳೆ. ರೇಡಿಯೋ ಕುರ್ಚಿಯಿಂದ ಎದ್ದು ನಿಂತ.

ಕಾರು ನಿಂತಾಗ ಒಳಗೆ ಹಾಡು ಜೋರಾಗಿ ಕೇಳಿಸುತ್ತಿತ್ತು. ತಂಗಿ ಅದನ್ನು ಆರಿಸಿ ಇಳಿದಳು. "ಏನಣ್ಣ, ಎದ್ದು ನಿಂತ್ಬಿಟ್ಟಿದೀಯ? ಚೆನ್ನಾಗಿದೀಯಾ?"

"ಅದೇ ಮತ್ತೆ," ಎಂದು ಗಾಲಿಯ ಕಡೆ ಕೈ ತೋರಿಸಿದ.

"ಹೂಂ, ಧೂಳಾಗಿದೆ. ತೊಳೆಯೋಕೇ ಟೈಮಿಲ್ಲ ಮಾರಾಯ," ಎಂದು ಡಬ್ಬಿ ಹಿಡಿದು ಒಳಗೆ ಹೋದಳು.

ಆತ ಹಿಂದೆ ಹೋಗಿ ತೋಳು ಹಿಡಿದೆಳೆದ. "ತಡಿ ಅಣ್ಣ, ಆರೋಗುತ್ತೆ, ಮೊದ್ಲು ತಿನ್ನು," ಎಂದು ಕೂರಿಸಿದಳು. ಊಟವಾಯಿತು. ಅಂಗಡಿಯ ಸುದ್ದಿ ಮುಗಿಯಿತು. ತಟ್ಟೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಅವನ ಮುಖ ನೋಡದೆ ಹೇಳಿದಳು: "ಮುಂದಿನ ತಿಂಗ್ಳು ಬರೋಕಾಗುತ್ತೋ ಇಲ್ವೋ ಅಣ್ಣ. ಅಂಗ್ಡೀಲಿ ಒಬ್ಳು ರಜ ಹಾಕಿದಾಳೆ. ಫೋನ್ ಮಾಡ್ತೀನಿ." ಫೋನಿನಲ್ಲಿ ಅವನು ಏನು ಹೇಳುತ್ತಾನೆಂಬುದು ಇಬ್ಬರಿಗೂ ಗೊತ್ತಿತ್ತು.

ಅವಳು ಕಾರು ಹತ್ತಿ ಕೀಲಿ ತಿರುಗಿಸಿದಾಗ ರೇಡಿಯೋ ಬಂದು ಬಂಪರಿನ ಮುಂದೆ ನಿಂತ. ಹಾರ್ನ್ ಮೆಲ್ಲಗೆ ಒತ್ತಿದಳು. ಸರಿಯಲಿಲ್ಲ. ಎಡಗೈ ಬಾನೆಟ್ಟಿನ ಮೇಲೂರಿ, ತಲೆ ಅಡ್ಡಡ್ಡ ಅಲ್ಲಾಡಿಸಿದ. ಕಣ್ಣಲ್ಲಿ ನೀರು ನಿಂತಿತ್ತು, ಅದು ಸಿಟ್ಟಿನದ್ದು.

ಅವಳು ಇಂಜಿನ್ನು ಆರಿಸಿ, ಕೀಲಿ ಹಿಡಿದು ಇಳಿದು ಬಂದಳು. "ಅಣ್ಣ, ದಾರಿ ಬಿಡು."

"ಅದೇ ಮತ್ತೆ! ಅದೇ ಮತ್ತೆ!"

"ನಾನೇನ್ ಮಾಡ್ಲಿ ಹೇಳು. ಇಲ್ಲೇ ಇರು ಅಂದ್ರೆ ಇರೋಕಾಗುತ್ತಾ? ನನ್ ಮನೆಗೆ ಬಾ ಅಂದ್ರೆ ನೀನು ಬರಲ್ಲ, ಬಾಗ್ಲು ಹಿಡ್ಕೊಂಡು ಕೂತ್ಕೊಳ್ತೀಯ. ನಂಗೂ ಸಂಕಟ ಆಗುತ್ತೆ ಕಣೋ. ಇಲ್ಲಿಗೆ ಬಂದ್ರೂ ಸಂಕಟ, ಬಿಟ್ಟೋದ್ರೂ ಸಂಕಟ." ಅಷ್ಟು ದಿನ ಹಿಡಿದಿಟ್ಟದ್ದು ಒಡೆದು ಅವಳು ಬಾನೆಟ್ಟಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. "ಒಂಟಿಯಾಗಿದೀಯ ಅಂತ ನಂಗೊತ್ತಿಲ್ವಾ?"

ರೇಡಿಯೋ ತಬ್ಬಿಬ್ಬಾದ. ತನ್ನನ್ನು ಬಿಟ್ಟುಹೋಗಬೇಡವೆನ್ನಲು ಅಡ್ಡ ನಿಂತನೆಂದು ಇವಳು ತಿಳಿದಿದ್ದಾಳೆ. ಅಲ್ಲವೆಂದು ಹೇಳುವುದು ಹೇಗೆ? ಅಲ್ಲವೇ ಅಲ್ಲವೆಂದು ತನಗೆ ತಾನೇ ಹೇಳಿಕೊಳ್ಳುವುದಾದರೂ ಹೇಗೆ? ಆತ ಅವಳ ಮುಷ್ಟಿ ಬಿಡಿಸಿ ಕೀಲಿ ತೆಗೆದುಕೊಂಡು ಜೇಬಿಗೆ ಹಾಕಿದ. ಶೆಡ್ಡಿನಿಂದ ಜಾಕು ಎಳೆದು ತಂದ.

ಎಡಗೈಯಿಂದ, ಸೊಂಟದ ಬಲದಿಂದ, ಬಲಗಡೆಯ ಮೂಲೆಯನ್ನು ಎತ್ತಿದ. ಗಾಲಿ ನೆಲ ಬಿಟ್ಟ ಮೇಲೆ ಅವಳ ಕೈಹಿಡಿದು ಪಕ್ಕದಲ್ಲಿ ಕೂರಿಸಿ, ಆ ಕೈಯನ್ನು ಗಾಲಿಯ ಮೇಲುಗಡೆ, ಒಳಗಿನ ದಪ್ಪ ಸ್ಪ್ರಿಂಗಿನ ಮೇಲಿಟ್ಟ. ತಾನು ಗಾಲಿಯನ್ನು ಗಿರ್ರನೆ ತಿರುಗಿಸಿದ. ಸ್ಪ್ರಿಂಗಿನೊಳಗಿಂದ ಅವಳ ಅಂಗೈಗೆ ಏನೋ ಕರಕರ ಎಂದು ಹತ್ತಿತು, ಯಾರೋ ಹಲ್ಲು ಕಡಿಯುತ್ತಿರುವ ಹಾಗೆ. ಆತ ಅವಳನ್ನು ಎಬ್ಬಿಸಿ ಎಡಗಡೆಗೆ ಕರೆದೊಯ್ದ. ಆ ಬದಿಯನ್ನೂ ಎತ್ತಿ, ಅದೇ ರೀತಿ ಕೈಯಿಟ್ಟು ತಿರುಗಿಸಿದ. ಅಲ್ಲಿ ಏನೂ ಇಲ್ಲ, ನುಣ್ಣಗೆ ತಿರುಗಿತು.

ತಂಗಿ ಮೂಗು ಒರೆಸಿಕೊಂಡಳು. "ಇದಾ? ಇದು ಗುಂಯ್ ಅಂತಿತ್ತು ಕಣೋ ಬಹಳ ದಿನದಿಂದ. ತಲೆನೋವು ಅಂತ ಹಾಡು ಹಾಕ್ಕೊಂಡು ಬರ್ತಿದ್ದೆ."

ಗಾಲಿ ಕಳಚಿ ಉರುಳಿಹೋಗುವುದನ್ನೂ, ಕಾರು ಮುಗ್ಗರಿಸುವುದನ್ನೂ, ಆಮೇಲೆ ಅವಳು ಆಕಾಶಕ್ಕೆ ಹೋಗುವುದನ್ನೂ ಆತ ಎಡಗೈಯಿಂದ ಮಾಡಿ ತೋರಿಸಿದ.

"ಅಯ್ಯೋ ಬಿಡ್ತು ಅನ್ನು! ಹಾಗಾದ್ರೆ ಇದಕ್ಕೇನಾ ಅಡ್ಡ ನಿಂತಿದ್ದು?" ಎಂದು ಅವಳು ಅಳುತ್ತಿದ್ದ ಮುಖದಲ್ಲೇ ನಕ್ಕಳು. ಅವನು ನಗಲಿಲ್ಲ.

ಗಂಡನಿಗೆ ಫೋನು ಮಾಡಿ ತಡವಾಗುತ್ತದೆಂದು ಹೇಳಿ, ಅಣ್ಣನ ಹಳೆಯ ಕೆಲಸದಂಗಿ ತೊಟ್ಟು ಬಂದಳು. ಮೊದಲು ಕಾರನ್ನು ಮತ್ತೆ ನೆಲಕ್ಕಿಳಿಸಬೇಕಾಯಿತು. ಗಾಲಿಯ ನಡುಮಧ್ಯೆ, ಆಕ್ಸಲಿನ ತುದಿಯಲ್ಲಿ ಒಂದು ದೊಡ್ಡ ನಟ್ಟಿರುತ್ತದೆ, ಗಾಲಿ ನೆಲಕ್ಕೆ ಒತ್ತಿಕೊಂಡಿದ್ದರೆ ಮಾತ್ರ ಅದು ಬಿಚ್ಚಲು ಬಗ್ಗುತ್ತದೆ. ಆತ ಉಳಿಯಿಂದ ನಟ್ಟಿನ ಮಡಿಸಿದ ಅಂಚನ್ನು ಎಬ್ಬಿಸಿದ. ಉದ್ದನೆಯ ಹಿಡಿಗೆ ಅದಕ್ಕಿಂತ ಉದ್ದನೆಯ ಪೈಪು ಸೇರಿಸಿ, ಎಡಗೈಯಿಂದ ಎಳೆದ. ಅಲ್ಲಾಡಲಿಲ್ಲ. ಬಲಗೈಯನ್ನೂ ತಂದು ಪೈಪಿನ ಮೇಲಿಟ್ಟ. ಅದು ಮೇಲೆ ಕೂತಿತೇ ಹೊರತು ಏನೂ ಮಾಡಲಿಲ್ಲ. ತಂಗಿ ಬೇರೆ ಕಡೆ ನೋಡಿದಳು. ಆತ ಹಿಂದೆ ಸರಿದು, ಅವಳನ್ನು ತೋರಿಸಿ, ಪೈಪನ್ನು ತೋರಿಸಿ, ತನ್ನ ಕಾಲನ್ನು ಮೇಲೆ ಕೆಳಗೆ ಆಡಿಸಿದ.

"ಹತ್ತಿ ನಿಂತ್ಕೊಳ್ಳೋದಾ? ನಾನಾ? ಮುರಿದ್ರೆ?"

ಅವಳು ಮಡ್‌ಗಾರ್ಡು ಹಿಡಿದು ಪೈಪಿನ ತುದಿಯ ಮೇಲೆ ನಿಂತಳು. ಏನೂ ಆಗಲಿಲ್ಲ. ಮೆಲ್ಲಗೆ ಕುಪ್ಪಳಿಸಿದಳು. ಇನ್ನೊಮ್ಮೆ ಕುಪ್ಪಳಿಸಿದಾಗ ಬಂದೂಕು ಹೊಡೆದಂತೆ ಸದ್ದಾಗಿ ನಟ್ಟು ಬಿಟ್ಟಿತು, ಅವಳು ನೆಲಕ್ಕೆ ಕುಕ್ಕರಿಸಿದಳು. "ಡಯೆಟ್ಟು ಗಿಯೆಟ್ಟು ಅಂತ ಮಾಡಿದ್ರೆ ಇವತ್ತಿನ ಕೆಲ್ಸ ಕೆಡ್ತಿತ್ತು ನೋಡು," ಎಂದಳು. ಈ ಸಲ ರೇಡಿಯೋ ನಕ್ಕ. ವಾಲಿದ ಬಾಯಿಂದ ನಗು ಒಂದೇ ಕಡೆಗೆ ಬಂತು.

ಮತ್ತೆ ಕಾರನ್ನೆತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ ಗಾಲಿ ಕಳಚಿದರು. ಬ್ರೇಕಿನ ಕ್ಯಾಲಿಪರನ್ನು ಬಿಚ್ಚಿ, ಅದರ ರಬ್ಬರಿನ ಕೊಳವೆ ಜಗ್ಗದಂತೆ ತಂತಿಯಿಂದ ಸ್ಪ್ರಿಂಗಿಗೆ ತೂಗುಹಾಕಿದರು. ಅವಳು ಸುಮ್ಮನೆ ಕೆಳಗೆ ಬಿಡಲು ಹೋದಾಗ ಆತ ಹೌಹಾರಿ ಅವಳ ಮಣಿಕಟ್ಟು ಹಿಡಿದಿದ್ದ. ಡಿಸ್ಕು ತೆಗೆದರು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಹಿಂದುಗಡೆಯಿಂದ ಹಬ್ಬಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದರು. ಅವನು ಸ್ಪ್ಯಾನರನ್ನು ಬೋಲ್ಟಿನ ತಲೆಗೆ ಸರಿಯಾಗಿ ಕೂರಿಸುವನು, ಅವಳು ಎಳೆಯುವಳು. ಸ್ವಲ್ಪ ಹೊತ್ತಿನಲ್ಲೇ ಸನ್ನೆಯೂ ಬೇಕಾಗಲಿಲ್ಲ. ಕೈಚಾಚಿದರೆ ಬೇಕಾದದ್ದು ಕೈಯಲ್ಲಿರುತ್ತಿತ್ತು. ಮಾತಿಲ್ಲದ್ದು ಅವಳಿಗೆ ನೆನಪೇ ಆಗಲಿಲ್ಲ.

ಬೋಲ್ಟು ಬಂದರೂ ಹಬ್ಬು ಬರಲಿಲ್ಲ. ವರ್ಷಗಳ ತುಕ್ಕು ಅದನ್ನು ಬೆಸುಗೆ ಹಾಕಿದಂತೆ ಹಿಡಿದಿತ್ತು. ಎಣ್ಣೆ ಬಿಟ್ಟು ಕಾದರು. ಆಮೇಲೆ ರೇಡಿಯೋ ಒಂದು ದಪ್ಪ ಕಬ್ಬಿಣದ ತುಂಡನ್ನು ಎಡಗೈಯಿಂದ ಹಬ್ಬಿನ ಅಂಚಿಗೆ ಒತ್ತಿಹಿಡಿದು, ಸುತ್ತಿಗೆ ಅವಳ ಕೈಗೆ ಕೊಟ್ಟ. ಅವಳು ಹೊಡೆದಳು. ತುಕ್ಕು ಉದುರಿತು. ಜಾಗ ಬದಲಿಸಿ ಮತ್ತೆ ಹೊಡೆದಳು. ಕೈ ಸೋಲುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಇನ್ನೊಂದು ಏಟಿಗೆ ಸುತ್ತಿಗೆ ಜಾರಿ ನೇರ ಅವನ ಹೆಬ್ಬೆರಳಿನ ಮೇಲೆ ಬಿತ್ತು.

"ನಿನ್ನ ಕೈ ಸೇದ್ಹೋಗ! ಕಣ್ಣೇನು ತಲೆ ಹಿಂದಿದೆಯೇನೇ ಕತ್ತೆ!"

ಶೆಡ್ಡಿನ ತಗಡು ಮೊಳಗಿತು. ಅದೇ ಹಳೆಯ ದನಿ, ದಪ್ಪಗೆ, ಒಂದಕ್ಷರವೂ ತೊದಲದೆ. ಸುತ್ತಿಗೆ ಎಲ್ಲಿ ಬಿತ್ತೋ ಅವಳಿಗೆ ತಿಳಿಯಲಿಲ್ಲ. ಬೆರಳಿಗೇನಾಯಿತೆಂದು ಅವನು ನೋಡಿಕೊಳ್ಳಲಿಲ್ಲ. ಬಾಗಿಲಿಗೆ ಯಾರೋ ಬಹಳ ದಿನ ಕಾಣದವರು ಬಂದು ನಿಂತಂತೆ ಒಬ್ಬರ ಮುಖ ಒಬ್ಬರು ನೋಡಿದರು.

"ಅಣ್ಣ," ಎಂದಳು ಪಿಸುದನಿಯಲ್ಲಿ. "ಬೈದೆ ನೀನು."

ಆತ ತಲೆಯಾಡಿಸಿದ.

"ಇನ್ನೊಂದ್ಸಲ ಬೈಯಣ್ಣ. ಕತ್ತೆ ಅನ್ನು. ಅಷ್ಟೇ, ಕತ್ತೆ."

ಆತ ಬಾಯಿ ತೆರೆದ. ತುಟಿ ಕೂಡಿಸಿದ, ಬಿಚ್ಚಿದ, ಕತ್ತಿನ ನರ ಉಬ್ಬಿತು. ಪದ ಅಲ್ಲೇ ಇತ್ತು, ಈಗಷ್ಟೇ ಆ ದಾರಿಯಲ್ಲಿ ಹೋಗಿತ್ತು.

"ಅದೇ," ಎಂದ. ಕಣ್ಣು ಮುಚ್ಚಿಕೊಂಡ. "ಅದೇ ಮತ್ತೆ."

"ಇನ್ನೊಂದು ಏಟು ಕೊಡ್ಲಾ?" ಎಂದು ಅವಳು ಸುತ್ತಿಗೆ ಹುಡುಕಿ ಎತ್ತಿಕೊಂಡಳು. ಆತ ಸೋಲದೆ, ಎಡಗೈಯನ್ನು ಕಬ್ಬಿಣದ ಮೇಲಿಟ್ಟು ಹೆಬ್ಬೆರಳನ್ನು ಚಾಚಿಯೇಬಿಟ್ಟ. ಹೊಡಿ ಎನ್ನುವಂತೆ ಗಲ್ಲ ಎತ್ತಿದ. ತಮಾಷೆ ಅಲ್ಲವೆಂದು ಅವಳಿಗೆ ಗೊತ್ತಾಯಿತು. ಸುತ್ತಿಗೆ ಕೆಳಗಿಟ್ಟು, ಆ ಬೆರಳನ್ನು ತಣ್ಣೀರಿನ ಬಟ್ಟಲಲ್ಲಿ ಹಿಡಿದುಕೊಂಡು ಕೂತಳು.

ಹಬ್ಬು ಕೊನೆಗೆ ಬಂತು. ಕೈಯಲ್ಲಿ ತಿರುಗಿಸಿದರೆ ಒಳಗೆ ಗುಂಡುಗಳು ಪುಡಿಯಾಗಿ ಕಲಕುತ್ತಿದ್ದವು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದೊಡ್ಡ ರಸ್ತೆಯ ಬಿಡಿಭಾಗದ ಅಂಗಡಿಗೆ ನಡೆದರು. ತಂಗಿ ಹೊತ್ತುಕೊಳ್ಳಲು ಹೋದರೆ ಆತ ಬಿಡದೆ ತನ್ನ ಎದೆಗೊತ್ತಿಕೊಂಡ. ಕಾಯಿಲೆ ಬಿದ್ದ ಮೇಲೆ ಆ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಕೌಂಟರಿನವನು ಒಂದು ಕಾಲದಲ್ಲಿ ರೇಡಿಯೋನ ಜೊತೆ ಹರಟಲು ಗಿರಾಕಿಗಳನ್ನೇ ಕಾಯಿಸುತ್ತಿದ್ದವನು. ಈಗ ಕಂಡವನೇ ಗಾಬರಿಯಾಗಿ, ತಂಗಿಯ ಕಡೆ ತಿರುಗಿದ.

"ಬನ್ನಿ ಬನ್ನಿ. ಏನ್ ಬೇಕಂತೆ ಇವ್ರಿಗೆ? ಯಾವ ಗಾಡಿದು ಅಂತ ಸ್ವಲ್ಪ ಕೇಳಿ."

"ನೀವೇ ಕೇಳಿ," ಎಂದಳು. "ಕಿವಿ ಚೆನ್ನಾಗೇ ಕೇಳುತ್ತೆ."

ಕೌಂಟರಿನವನ ಮುಖ ಕೆಂಪಾಯಿತು. ರೇಡಿಯೋ ಬಟ್ಟೆ ಬಿಚ್ಚಿ ಹಬ್ಬನ್ನು ಮುಂದಿಟ್ಟ. ಅವನು ಒಳಗೆ ಹೋಗಿ ಒಂದು ಪೆಟ್ಟಿಗೆ ತಂದ. ಆತ ಹೊಸದನ್ನು ಹಳೆಯದರ ಪಕ್ಕ ನಿಲ್ಲಿಸಿ, ಬಗ್ಗಿ ನೋಡಿ, ಕೊರಳಿನ ಎತ್ತರ ಹೆಚ್ಚೆಂದು ಬೆರಳಲ್ಲಿ ತೋರಿಸಿ ಹಿಂದಕ್ಕೆ ತಳ್ಳಿದ.

"ಹೌದಲ್ವಾ, ಇದು ಆಮೇಲೆ ಬಂದ ಮಾಡೆಲಿನದ್ದು," ಎಂದು ಕೌಂಟರಿನವನು ಇನ್ನೊಂದು ತಂದ. ಅದು ಸರಿಹೊಂದಿತು. ಪೆಟ್ಟಿಗೆ ಕಟ್ಟುತ್ತ, ಈ ಸಲ ಆತನನ್ನೇ ನೋಡುತ್ತ, "ಬಹಳ ದಿನ ಆಯ್ತು ಮೇಸ್ತ್ರೀ," ಎಂದ. ಕಟ್ಟಿದ ದಾರವನ್ನೇ ಮತ್ತೊಮ್ಮೆ ಕಟ್ಟಿದ.

ಉಳಿದ ಕೆಲಸಕ್ಕೆ ತೊಂದರೆಯಾಗಲಿಲ್ಲ. ತುಕ್ಕನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ, ತೆಳ್ಳಗೆ ಗ್ರೀಸು ಸವರಿ, ಹೊಸ ಹಬ್ಬನ್ನು ಆಕ್ಸಲಿನ ಹಲ್ಲುಗಳಿಗೆ ಹೊಂದಿಸಿ ತಳ್ಳಿದರು. ಬೋಲ್ಟು ಬಿಗಿದರು, ಡಿಸ್ಕು, ಬ್ರೇಕು, ಗಾಲಿ. ಕಾರು ನೆಲಕ್ಕಿಳಿದ ಮೇಲೆ ನಡುವಿನ ದೊಡ್ಡ ನಟ್ಟನ್ನು ಅವಳು ಪೈಪಿನ ಮೇಲೆ ಭಾರ ಹಾಕಿ ಬಿಗಿಯುತ್ತ ಬಂದಳು. ಎಲ್ಲಿ ಸಾಕೆಂದು ಆತ ಕೈಯೆತ್ತಿದ. ಆಮೇಲೆ ಹಬ್ಬಿನ ಜೊತೆಗೇ ಬಂದಿದ್ದ ಆ ಹೊಸ ನಟ್ಟಿನ ಅಂಚನ್ನು ಉಳಿಯಿಂದ ಆಕ್ಸಲಿನ ತೋಡಿಗೆ ಬಡಿದು ಮಡಿಸಿದ. ಗಾಲಿಯ ನಟ್ಟುಗಳನ್ನು ಸುತ್ತ ಒಮ್ಮೆ ನೋಡಿದ. ಮತ್ತೊಮ್ಮೆ ನೋಡಿದ. ಇನ್ನೊಮ್ಮೆ ನೋಡಲು ಬಗ್ಗಿದಾಗ ತಂಗಿ, "ಸಾಕಣ್ಣ, ಬಿಗಿಯಾಗಿದೆ," ಎಂದಳು. ಆತ ನೆಟ್ಟಗಾದ.

ಇಬ್ಬರೂ ಕೂತು ದೊಡ್ಡ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರು. ವೇಗ ಹೆಚ್ಚಿಸಿದಳು, ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಟೈರು ರಸ್ತೆಗೆ ಉಜ್ಜುವ ಸದ್ದು ಬಿಟ್ಟರೆ ಏನೂ ಇಲ್ಲ. "ಶಬ್ದಾನೇ ಇಲ್ವಲ್ಲೋ," ಎಂದಳು. ಅವಳ ಕೈ ಹಾಡು ಹಾಕುವ ಗುಂಡಿಯವರೆಗೆ ಹೋಗಿ ವಾಪಸು ಬಂತು. ಆತ ಕಿಟಕಿಯ ಗಾಜು ಇಳಿಸಿ, ಕಿವಿ ಹೊರಗೆ ಕೊಟ್ಟು, ಕೊನೆಯ ತನಕ ಕೇಳಿಸಿಕೊಂಡ.

ಶೆಡ್ಡಿನ ಮುಂದೆ ಇಳಿಸಿದಾಗ ಬಿಸಿಲು ಗೋಡೆ ಹತ್ತಿತ್ತು. "ನನ್ ಜೊತೆ ಬಂದ್ಬಿಡು ಅಣ್ಣ. ಈಗ್ಲೇ. ಬಟ್ಟೆ ಆಮೇಲೆ ತರಿಸೋಣ," ಎಂದಳು. ಆತ ಶೆಡ್ಡಿನ ಕಡೆ ನೋಡಿದ. ನೆಲದ ಮೇಲೆ ಉಪಕರಣಗಳು ಚೆಲ್ಲಿದ್ದವು. ಎಡಗೈಯನ್ನು ಅವಳ ತಲೆಯ ಮೇಲೆ ಒಂದು ಕ್ಷಣ ಇಟ್ಟು, ಕಾರಿನ ಚಾವಣಿಯನ್ನು ತಟ್ಟಿದ. ಹೊರಡು ಎಂದು ಗಾಡಿಗಳಿಗೆ ಆತ ಹೇಳುತ್ತಿದ್ದದ್ದು ಹಾಗೆಯೇ.

ಕಾರು ಗಲ್ಲಿ ದಾಟಿ ದೊಡ್ಡ ರಸ್ತೆಗೆ ಸೇರಿತು. ಮೊದಲಿನಂತಿದ್ದರೆ ಆ ಸದ್ದನ್ನು ಹಿಡಿದು ಬಹಳ ದೂರದ ತನಕ ಅವಳನ್ನು ಗುರುತಿಸಬಹುದಿತ್ತು. ಈಗ ತಿರುವು ದಾಟಿದ್ದೇ ಉಳಿದ ಗಾಡಿಗಳೊಳಗೆ ಸೇರಿಹೋಯಿತು.

ಸ್ಪ್ಯಾನರುಗಳನ್ನು ಒರೆಸಿ ಒಂದೊಂದನ್ನೂ ಅದರದರ ಗುರುತಿಗೆ ತೂಗುಹಾಕಿದ. ನೆಲ ಗುಡಿಸಿದ. ಕೋಣೆಯಲ್ಲಿ ಸ್ಟವ್ವಿನ ಮುಂದೆ ನಿಂತು, ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ಪಾತ್ರೆಯನ್ನು ಬೈಯಲು ನೋಡಿದ. ಗೋಡೆಯನ್ನು ಬೈಯಲು ನೋಡಿದ. ಹೆಬ್ಬೆರಳನ್ನು ಮೇಜಿನಂಚಿಗೆ ಒತ್ತಿ, ನೋವು ಮೊಣಕೈ ತನಕ ಏರಿದಾಗ ಇನ್ನೊಮ್ಮೆ ನೋಡಿದ. ಬರಲಿಲ್ಲ. ಹಾಲು ಉಕ್ಕಿತು, ಸ್ಟವ್ವು ಆರಿಸಿದ.

ಆ ಉಗುರು ಕೆಲವೇ ದಿನದಲ್ಲಿ ಕಪ್ಪಗಾಯಿತು. ಗ್ರೀಸು ಮುಗಿದಿತ್ತೆಂಬ ನೆಪದಲ್ಲಿ ಆತ ಒಂದು ಮಧ್ಯಾಹ್ನ ಬಿಡಿಭಾಗದ ಅಂಗಡಿಗೆ ಒಬ್ಬನೇ ಹೋದ. ಗಿರಾಕಿಗಳಿರಲಿಲ್ಲ. ಕೌಂಟರಿನವನು ಡಬ್ಬಿ ಕೊಡುತ್ತ ಬೆರಳು ನೋಡಿ, "ಇದೇನ್ ಮಾಡ್ಕೊಂಡ್ರಿ ಮೇಸ್ತ್ರೀ?" ಎಂದ.

ರೇಡಿಯೋ ಡಬ್ಬಿ ಕೆಳಗಿಟ್ಟ. ಮೊದಲು ತಂಗಿ ಪೈಪಿನ ಮೇಲೆ ಕುಪ್ಪಳಿಸಿದ್ದನ್ನು ಮಾಡಿ ತೋರಿಸಿದ, ಅವಳು ಕುಕ್ಕರಿಸಿದ್ದನ್ನು ಕೌಂಟರಿಗೆ ಬೆನ್ನು ಜಾರಿಸಿ ತೋರಿಸಿದ. ಕಚ್ಚಿಕೊಂಡ ಹಬ್ಬು ತಾನೇ ಆದ, ಕೆನ್ನೆ ಉಬ್ಬಿಸಿ ಹಟ ಹಿಡಿದು ನಿಂತ. ಆಮೇಲೆ ಸುತ್ತಿಗೆ ಎತ್ತಿದ. ಕೌಂಟರಿನವನು ಹೊಟ್ಟೆ ಹಿಡಿದು ನಗುತ್ತಿದ್ದ. ಸುತ್ತಿಗೆ ಬಿದ್ದ ಮೇಲೆ ಏನಾಯಿತೆಂಬಲ್ಲಿಗೆ ಬಂದಾಗ ಆತ ನಿಂತುಬಿಟ್ಟ. ಬಾಯಿ ತೆರೆದು, ಅದರಿಂದ ಏನೋ ಹಾರಿಹೋದಂತೆ ಬೆರಳುಗಳನ್ನು ಗಾಳಿಗೆ ಬಿಚ್ಚಿದ. ಹಾರಿದ್ದನ್ನು ಹುಡುಕುವಂತೆ ಮೇಲೆ ನೋಡಿದ.

"ಕೂಗಿದ್ರಾ?" ಎಂದ ಕೌಂಟರಿನವನು. ನಗು ನಿಂತಿತ್ತು. "ಮಾತು ಬಂತಾ?"

ರೇಡಿಯೋ ಹೌದೆಂದು ತಲೆಯಾಡಿಸಿ, ಆಮೇಲೆ ಅದೂ ಹೋಯಿತೆಂಬಂತೆ ಕೈ ಬೀಸಿದ.

ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಬಂದರು. ಆತ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಕೌಂಟರಿನವನು ಅವರ ತಲೆಯ ಮೇಲಿಂದ ಕೂಗಿದ: "ನಾಳೆ ಬನ್ನಿ ಮೇಸ್ತ್ರೀ, ಸ್ಟೂಲ್ ಹಾಕಿರ್ತೀನಿ."

ಆತ ಮಾರನೆಯ ದಿನ ಹೋದ. ಸ್ಟೂಲು ಹಾಕಿತ್ತು. ಅಂಗಡಿಯಲ್ಲಿ ಜನ ಕಿಕ್ಕಿರಿದು, ಕೌಂಟರಿನವನಿಗೆ ತಲೆಯೆತ್ತಲು ಪುರುಸೊತ್ತಿರಲಿಲ್ಲ. ಆತ ಮೂಲೆಯಲ್ಲಿ ಕೂತು, ಒಂದು ಪೆಟ್ಟಿಗೆ ತುಂಬ ಇದ್ದ ಹಳೆಯ ಬೇರಿಂಗುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ತಿರುಗಿಸಿ, ಒಳ್ಳೆಯದನ್ನು ಒಂದು ಕಡೆ, ಕೆಟ್ಟದ್ದನ್ನು ಒಂದು ಕಡೆ ಇಟ್ಟ. ಯಾರೂ ಮಾತಾಡಿಸಲಿಲ್ಲ. ಸಂಜೆಯಾಗುವ ಮೊದಲು ಎದ್ದು ಮನೆಗೆ ಬಂದ. ಅದರ ಮಾರನೆಯ ದಿನವೂ ಹೋದ.